ದ್ವೀಪದವರನ್ನ ಕೇಳ್ಯಾರೇನು?

ಮಿಲ್ಪಿಟಾಸ್‌ನಲ್ಲಿ ನಮ್ಮ ಜೊತೆಗಿರುವ ಮಾವನವರಿಗೆ ಜಗತ್ತಿನಲ್ಲಿ ಒಬ್ಬನೇ ಶತ್ರು: ಸಾಗರದಾಚೆಯ ಒಂದು ಸರ್ಕಾರ. ಆ ದೇಶದ ಗಾಳಿಯೂ ಅವರಿಗೆ ಸೋಕಿಲ್ಲ. ಆ ಸರ್ಕಾರಕ್ಕೂ ನಮ್ಮ ಮಾವನವರು ಗೊತ್ತಿಲ್ಲ, ಅದರ ಪುಣ್ಯ!

ಆದದ್ದಿಷ್ಟು. ಸಮುದ್ರ ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆ ದೇಶ ಸಹಿ ಹಾಕಿತ್ತು. ಈಗ ಪಾರ್ಲಿಮೆಂಟಿನಲ್ಲಿ ಅನುಮೋದಿಸಲು ಹೊರಟಿತ್ತು. ಎಲ್ಲೋ ದೂರದಲ್ಲಿ ಅದಕ್ಕೆ ಸೇರಿದ ಪುಟ್ಟ ದ್ವೀಪಗಳೂ ಇವೆ. "ಮೊದಲು ನಮಗೆ ಅನ್ವಯ, ದ್ವೀಪಗಳಿಗೆ ಆಮೇಲೆ" ಎಂದು ಅಲ್ಲಿಯ ಮಂತ್ರಿ ಟೀವಿಯಲ್ಲಿ ಹೇಳಿದ್ದೇ ತಡ, ಮಾವನವರ ಕೈಯ ರೊಟ್ಟಿ ತಟ್ಟೆಗೆ ಬಿತ್ತು.

"ಸುತ್ತ ನೀರಿರೋದು ದ್ವೀಪದವರಿಗೆ. ಅವರನ್ನ ಯಾರರೆ ಕೇಳ್ಯಾರೇನು?"

"ನಮಗ್ಯಾಕೆ ಮಾವಾರ?" ಎಂದೆ. ನಾನು ಹಾಸನದವಳು. ಬಾಗಲಕೋಟೆಯ ಹಟ ನನಗಿನ್ನೂ ಪೂರ್ತಿ ಅರ್ಥವಾಗಿಲ್ಲ.

ಮರುದಿನ ಇಂಡಿಯನ್ ಗ್ರೋಸರಿಯ ಕೌಂಟರಿನಲ್ಲಿ ಕರಿಬೇವು ಹಿಡಿದುಕೊಂಡೇ ಮಾವನವರ ಭಾಷಣ ಶುರು. ಹಿಂದೆ ಕ್ಯೂ ಬೆಳೆಯಿತು. ಕೌಂಟರಿನ ಹುಡುಗಿ ಹೇಗಾದರೂ ಸಾಗಹಾಕಲೆಂದು ಕೊತ್ತಂಬರಿ ಪುಕ್ಕಟೆ ಕೊಟ್ಟಳು. ಜನಬೆಂಬಲ ಸಿಕ್ಕಿತು ಎಂದುಕೊಂಡು ಮನೆಗೆ ಬಂದರು!

ಮಗಳು ಕೇಳಿದಳು, "ಅಜ್ಜಾ, ಡೂ ವಿ ಈವನ್ ನೋ ಎನಿಬಡಿ ದೇರ್?"

"ಇಲ್ಲವ್ವಾ. ಗುರ್ತಿನವರ ಸಲುವಾಗಿ ಅಷ್ಟ ಕೇಳಿದ್ರ ಅದು ನ್ಯಾಯ ಹೆಂಗಾದೀತು?"

ಅಷ್ಟರಲ್ಲಿ ನಮ್ಮ ಲೈಬ್ರರಿಯಲ್ಲಿ ಆ ದೇಶದ ಕಾನ್ಸುಲೇಟಿನ ಅಧಿಕಾರಿಣಿಯೊಬ್ಬರ ಉಪನ್ಯಾಸವಿದೆ ಎಂದು ತಿಳಿಯಿತು. ಇನ್ನು ಬಿಟ್ಟಾರೆಯೆ? ಕಚ್ಚೆಪಂಚೆ, ಕೋಟು, ಟೋಪಿ ಧರಿಸಿ ಮುಂದಿನ ಸಾಲಿನಲ್ಲೇ ಕೂತರು. ಪ್ರಶ್ನೋತ್ತರಕ್ಕೆ ಎದ್ದು ನಿಂತು, ಹಳೇ ಹೈಸ್ಕೂಲು ಇಂಗ್ಲಿಷಿನಲ್ಲಿ ದ್ವೀಪದವರ ಮಾತೆತ್ತಿದರು.

"ಅವರ ಜೊತೆ ಸಮಾಲೋಚನೆ ನಡೀತಾ ಇದೆ" ಎಂದರು ಆಕೆ.

"ಸಮಾಲೋಚನೆ ಅಂದರೆ ಹೇಳುವುದೋ, ಕೇಳುವುದೋ?"

ನಿರ್ವಾಹಕರು "ನೆಕ್ಸ್ಟ್ ಕ್ವೆಶ್ಚನ್" ಎಂದರು. ಮಾವನವರು ಕೂರಲಿಲ್ಲ. ನಾನು ಅವರ ಕೋಟಿನ ತುದಿ ಎಳೆದೆ. ಊಹೂಂ.

ಆಕೆ ನಗಲಿಲ್ಲ. "ಕೇಳುವುದು. ಪ್ರತಿ ದ್ವೀಪದ ಸಭೆಯೂ ಒಪ್ಪಬೇಕು. ಕೆಲವರು ಇನ್ನೂ ಯೋಚಿಸುತ್ತಿದ್ದಾರೆ. ಅವರು ಹೂಂ ಅನ್ನದೆ ನಾವು ಸೇರಿಸುವ ಹಾಗಿಲ್ಲ. ಅದಕ್ಕೇ ಅವರದು ಆಮೇಲೆ."

ಮಾವನವರು ಮೆಲ್ಲಗೆ ಕೂತರು. ಗೆದ್ದರೋ ಸೋತರೋ, ಮುಖ ನೋಡಿದರೆ ಹೇಳುವಂತಿರಲಿಲ್ಲ.

ಕಾರು ಫ್ರೀವೇಗೆ ಬಂದ ಮೇಲೆ ಬಾಯಿಬಿಟ್ಟರು. "ಕೇಳಾಕತ್ತಾರಂತ. ತಡಾ ಆಗಲಿ ಬಿಡು." ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಮ್ಮ ಓಣಿ ಡ್ಯಾಮಿನ ಹಿನ್ನೀರಿಗೆ ಹೋಗೂಮುಂದ ಸರ್ಕಾರದವರು ಗ್ವಾಡಿ ಮ್ಯಾಲೆ ನಂಬರ್ ಬರದು ಹೋದ್ರು. ನಮ್ಮವ್ವ ಸಾಯೂತನಕ ಅಂತಿದ್ಲು, 'ಬಂದು ಒಂದ್ ಮಾತ ಕೇಳಿದ್ರ ನಾನೂ ಹೂಂ ಅಂತಿದ್ದೆ' ಅಂತ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ.

"ಆ ಮನೆ ಹೆಂಗಿತ್ತು ಮಾವಾರ?"

ಅವರು ಹೊಸ್ತಿಲಿನಿಂದ ಶುರುಮಾಡಿದರು. ನಮ್ಮ ಎಕ್ಸಿಟ್ಟು ಬಂತು, ಹೋಯಿತು. ನಾನು ತಿರುಗಿಸಲಿಲ್ಲ. ಅವರಿನ್ನೂ ಪಡಸಾಲೆಯಲ್ಲೇ ಇದ್ದರು.