ಸೈಕಲಿಗೆ ಜಾಗ ಎಲ್ಲುಂಟು ಮಾರಾಯ್ರೆ?

ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ರಸ್ತೆಯ ತಿರುವಿನಲ್ಲಿ ನಮ್ಮ ಮನೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತರೆ ರಸ್ತೆ ಪೂರ್ತಿ ಕಾಣ್ತದೆ. ಹಾಗೆ ಕೂತು ಇಷ್ಟು ವರ್ಷ ನಾನು ನೋಡಿದ್ದು ಒಂದೇ: ಬಸ್ಸು ಬರುವುದು, ಸೈಕಲು ಬೀಳುವುದು. ಬಿದ್ದವರಿಗೆ ನೀರು ಸೇದಿ ಸೇದಿ ಬಾವಿಯ ಹಗ್ಗವೇ ಸವೆದುಹೋಗಿದೆ. ನಗಬೇಡಿ ಅಂತ ಹೇಳುವುದಿಲ್ಲ, ನಗಿ. ನನಗೆ ಮಾತ್ರ ಈಗ ಹೇಳುವಾಗಲೂ ಪಿತ್ತ ನೆತ್ತಿಗೇರ್ತದೆ. ಬರೆಯುವವಳು ಮೊಮ್ಮಗಳು. ಬೈಗುಳ ಎಲ್ಲ ಬಿಟ್ಟು ಬರೀತಿದ್ದಾಳೆ, ಇಲ್ಲದಿದ್ದರೆ ಇದು ಎರಡರಷ್ಟು ಉದ್ದ ಆಗ್ತಿತ್ತು.

ನಾಯಿ ಬೊಗಳದ ದಿನ

ತೊಂಬತ್ತನೇ ಇಸವಿಯ ಆಚೀಚೆ ಡಾಮರು ಅಂದರೆ ನಡುವಿನಲ್ಲಿ ಬಸ್ಸಿಗೊಂದು ಪಟ್ಟಿ, ಅಷ್ಟೆ. ಎರಡೂ ಬದಿಯಲ್ಲಿ ಒಂದೊಂದು ಮಾರು ಮಣ್ಣು. ಆ ಮಣ್ಣು ಸೈಕಲಿನವರದ್ದು. ಪೋಸ್ಟಿನವರು, ಸೈಕಲಿನಲ್ಲಿ ಮೀನು ಮಾರುವ ಕಾಕ, ಶಾಲೆಯ ಮಾಷ್ಟ್ರು, ಎಲ್ಲ ಅದರಲ್ಲೇ ಹೋಗ್ತಿದ್ದರು. ಯಾರೂ ಬರೆದುಕೊಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಎರಡು ಬಸ್ಸು ಪೈಪೋಟಿಗೆ ಬಿದ್ದವು. ಹಿಂದಿನದು ಮುಂದೆ ಹೋಗಲಿಕ್ಕೆ ಆ ಮಣ್ಣಿಗೂ ಇಳಿಯಿತು. ಪೋಸ್ಟಿನವರು ಸೈಕಲು ಸಮೇತ ಬೇಲಿ ಮುರಿದುಕೊಂಡು ನನ್ನ ಮಲ್ಲಿಗೆ ಗಿಡದ ಒಳಗೆ! ನಾನು ಬೊಬ್ಬೆ ಹಾಕಿ ಓಡಿದೆ. ಅವರು ಎದ್ದು ನಿಂತು, ತಲೆಯ ಮೇಲಿನ ಮಲ್ಲಿಗೆ ಕೊಡವಿ, ಚೀಲಕ್ಕೆ ಕೈ ಹಾಕಿದರು.

"ಅಕ್ಕಾ, ಬೊಂಬಾಯಿಯಿಂದ ಕಾಗದ ಉಂಟು."

"ಕಾಗದ ಆಚೆ ಇರಲಿ ಮಾರಾಯ್ರೆ! ಪೆಟ್ಟಾಯಿತಾ?"

"ಪೆಟ್ಟು ಆಗಿದೆ. ಆದರೆ ಇಷ್ಟು ವರ್ಷ ಗೇಟಿನಲ್ಲಿ ಬಂದೆ, ನಿಮ್ಮ ನಾಯಿ ಬೊಗಳದೆ ಸುಮ್ಮನೆ ಕೂತದ್ದು ಇವತ್ತೇ ಮೊದಲು."

ನಾಯಿಗಾದರೂ ಅಷ್ಟು ದಾಕ್ಷಿಣ್ಯ ಇತ್ತು. ಬಸ್ಸು ನಿಲ್ಲಲೇ ಇಲ್ಲ.

ನಕ್ಷೆಯಲ್ಲಿ ಉಂಟು

ಆಮೇಲೆ ರಸ್ತೆ ಅಗಲ ಮಾಡಿದರು. ಅಗಲ ಅಂದರೆ ಎಂತ? ಆ ಮಣ್ಣನ್ನು ನುಂಗಿದರು. ಡಾಮರಿನ ಮೇಲೆ ಡಾಮರು ಹಾಕಿ ಹಾಕಿ ಅಂಚು ಒಂದು ಗೇಣು ಎತ್ತರ ಆಯಿತು. ಅಲ್ಲಿಂದ ಚಕ್ರ ಜಾರಿದರೆ ನೇರ ಚರಂಡಿಗೆ.

ಜೀಪಿನಲ್ಲಿ ಇಂಜಿನಿಯರ್ ಬಂದರು. ನಾನು ಕೈಯ ಬೀಡಿ ಎಲೆ ಗೆರಸೆಗೆ ಹಾಕಿ ಇಳಿದು ಹೋದೆ.

"ಸ್ವಾಮೀ, ಇನ್ನು ಸೈಕಲಿನವರು ಎಲ್ಲಿ ಹೋಗಬೇಕು?"

ಪಾಪ, ಒಳ್ಳೆಯ ಮಾತಿನವರೇ. "ಅಜ್ಜೀ, ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಸೈಕಲಿಗೆಂತಲೇ ಬೇರೆ ದಾರಿ ಇರ್ತದೆ. ನಮ್ಮಲ್ಲಿಗೂ ಬರ್ತದೆ ಒಂದು ದಿನ" ಅಂದರು.

"ಬರುವುದೆಂತ? ಇತ್ತಲ್ಲ! ನೀವೀಗ ಅದರ ಮೇಲೆಯೇ ನಿಂತಿದ್ದೀರಿ."

ಅವರು ಕಾಲು ಸ್ವಲ್ಪ ಹಿಂದೆ ಇಟ್ಟರು. ಮತ್ತೆ ಜೀಪಿನಿಂದ ದೊಡ್ಡ ಕಾಗದ ತಂದು ಬಿಡಿಸಿ ತೋರಿಸಿದರು. "ನೋಡಿ, ನಕ್ಷೆಯಲ್ಲಿ ಎರಡೂ ಬದಿಗೆ ಮಣ್ಣಿನ ಜಾಗ ಉಂಟು. ತುಂಬಿಸ್ತಾರೆ."

"ಹೌದಾ? ಹಾಗಾದರೆ ಈ ಕಾಗದವನ್ನೇ ಇಲ್ಲಿ ಹಾಸಿ ಹೋಗಿ. ನಾಳೆಯಿಂದ ಪೋಸ್ಟಿನವರು ಇದರ ಮೇಲೆ ಸೈಕಲು ಬಿಡಲಿ."

ಕಾಗದ ಮಡಚಿಕೊಂಡು ಹೋದರು. ಹಾಸಲೂ ಇಲ್ಲ, ತುಂಬಿಸಲೂ ಇಲ್ಲ.

ರಸ್ತೆ ಬಿಟ್ಟು ಹೋಗು

ಮೊಮ್ಮಗಳು ಎಂಟನೆಗೆ ಬಂದಾಗ ಸರಕಾರದ ಸೈಕಲು ಸಿಕ್ಕಿತು. ಹೈಸ್ಕೂಲು ದೂರ. ಬಸ್ಸಿನವರು ಪಾಸಿನ ಮಕ್ಕಳನ್ನು ಕಂಡರೆ ಸ್ಟಾಪಿನಲ್ಲೂ ನಿಲ್ಲಿಸದೆ ಡಬಲ್ ವಿಸಿಲು ಊದಿ ಹಾರಿಸಿಕೊಂಡು ಹೋಗ್ತಾರೆ. ಹಾಗಾಗಿ ಈ ಹುಡುಗಿಗೆ ಶಾಲೆ ಅಂದರೆ ಆ ಸೈಕಲೇ. ಒಬ್ಬರು ಸೈಕಲು ಕೊಡ್ತಾರೆ, ಇನ್ನೊಬ್ಬರು ದಾರಿ ತೆಗೀತಾರೆ. ಇಬ್ಬರೂ ಒಂದೇ ಸರಕಾರ!

ಒಂದು ಬೆಳಿಗ್ಗೆ ಬಸ್ಸು ಬೆನ್ನಿಗೇ ಬಂದು ಹಾರ್ನ್ ಹೊಡೆಯಿತು. ಇವಳು ಅಂಚಿನಿಂದ ಜಾರಿ ಚರಂಡಿಗೆ ಬಿದ್ದಳು, ಎರಡೂ ಮೊಣಕಾಲು ಕೆತ್ತಿಹೋಯಿತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಹಿಂತಿರುಗಿ ಬುದ್ಧಿ ಹೇಳಿದ: "ಓ ತಂಗೀ, ರಸ್ತೆ ಬಿಟ್ಟು ಹೋಗು!"

"ರಸ್ತೆ ಬಿಟ್ಟೇ ಬಿದ್ದಿದ್ದಾಳಲ್ಲ ಮಾರಾಯ!" ಅಂತ ನಾನು ಜಗಲಿಯಿಂದ ಕಿರುಚಿದೆ.

ಸಂಜೆ ಅವಳ ಅಪ್ಪ, ನನ್ನ ಮಗ, ಕಾಲು ನೋಡಿ ಹೇಳಿದ: "ಇನ್ನೊಂದು ಸಲ ಬಿದ್ದರೆ ಸೈಕಲು ಅಟ್ಟಕ್ಕೆ. ಕಲಿತದ್ದು ಸಾಕು ಅಮ್ಮಾ, ನಿನ್ನೊಟ್ಟಿಗೆ ಬೀಡಿ ಕಟ್ಟಲಿ."

ನನಗೆ ನನ್ನದೇ ಕತೆ ನೆನಪಾಯಿತು. ನಾನು ಸಣ್ಣವಳಿರುವಾಗ ಶಾಲೆ ತುಂಬಿ ಹರಿಯುವ ತೋಡಿನ ಆಚೆ ಬದಿ ಇತ್ತು, ದಾಟಲಿಕ್ಕೆ ಮರದ ಸಂಕವೂ ಇರಲಿಲ್ಲ. ಸಂಕ ಹಾಕ್ತಾರೆ, ಹಾಕ್ತಾರೆ ಅಂತ ಕಾದೆ. ಹಾಕಿದರು, ನನಗೆ ಮದುವೆಯಾದ ಮೇಲೆ. ಶಾಲೆಗೆ ಹೋಗಲಿಕ್ಕೆ ನಾನು ದಾಟಲಿಲ್ಲ ಅದನ್ನು, ಮದುಮಗನ ದಿಬ್ಬಣವೂ ದಾಟಲಿಲ್ಲ, ನನ್ನ ತಮ್ಮನ ಎಮ್ಮೆ ದಾಟಿತು!

ಟೈಮಿಂಗ್

ಮರುದಿನ ಅದೇ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತೆ.

"ತಮ್ಮಾ, ನಮ್ಮ ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡ್ತೀಯಾ? ಶಾಲೆಗೆ ಹೋಗುವ ಹುಡುಗಿ ಉಂಟು."

"ಆಗ್ಲಿಕ್ಕಿಲ್ಲ ಅಜ್ಜೀ. ಟೈಮಿಂಗ್ ಉಂಟು. ಅರ್ಧ ನಿಮಿಷ ತಡ ಆದರೂ ಹಿಂದಿನ ಬಸ್ಸಿನವ ಜಗಳಕ್ಕೆ ಬರ್ತಾನೆ."

ಸರಿ, ಅವನ ಅನ್ನದ ಪ್ರಶ್ನೆ ಅಲ್ಲವಾ ಅಂತ ಬಿಟ್ಟುಬಿಟ್ಟೆ. ಮುಂದಿನ ಪೇಟೆಯಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದ, ಕಂಡಕ್ಟರ್ ಇಳಿದ. ಒಂದು ಪ್ಲೇಟು ಗೋಳಿಬಜೆ. ಚಟ್ನಿ ಮುಗಿಯಿತು, ಮತ್ತೆ ಚಟ್ನಿ. ನಾನು ಕಿಟಕಿಯಲ್ಲಿ ತಲೆ ಹೊರಗೆ ಹಾಕಿ ಕೇಳಿದೆ:

"ತಮ್ಮಾ, ಟೈಮಿಂಗ್ ಬೆಂದಿದೆಯಾ? ಅಲ್ಲ ಇನ್ನೂ ಎಣ್ಣೆಯಲ್ಲಿ ಉಂಟಾ?"

ಕಾಕನ ಹಾರ್ನು

ಆ ಬಸ್ಸು ಮರ್ಯಾದೆ ಕೊಡುವ ಸೈಕಲು ಊರಿಗೆಲ್ಲ ಒಂದೇ: ಮೀನಿನ ಕಾಕನದ್ದು. ಅವರ ಸೈಕಲಿನಲ್ಲಿ ರಬ್ಬರಿನ ಉಂಡೆ ಹಿಂಡುವ ಹಾರ್ನು. ಪೊಂಯ್ ಪೊಂಯ್ ಅಂದರೆ ಸಾಕು, ಬಸ್ಸು ನಿಧಾನ ಆಗ್ತದೆ. ಯಾಕೆ? ಡ್ರೈವರನಿಗೆ ಬಂಗುಡೆ ಮೀನು ಬೇಕು! ಕಿಟಕಿಯಿಂದಲೇ ಕೈ ಚಾಚಿ ತಕ್ಕೊಳ್ತಾನೆ. ಆಗ ಟೈಮಿಂಗ್ ಇಲ್ಲ.

ಆ ಜೂನಿನಲ್ಲಿ ಶಾಲೆ ಶುರುವಾಯಿತು, ಮೊಮ್ಮಗಳು ಒಂಬತ್ತನೆಗೆ. ಮಳೆಗಾಲಕ್ಕೆ ಬೋಟುಗಳೆಲ್ಲ ದಡಕ್ಕೆ ಬಂದಿದ್ದವು. ಮೀನಿಲ್ಲ, ಕಾಕನಿಗೆ ಕೆಲಸವಿಲ್ಲ. ನಾನು ಅವರ ಮನೆಗೇ ಹೋಗಿ ಕೇಳಿದೆ.

"ಕಾಕಾ, ಬೋಟು ಮತ್ತೆ ಕಡಲಿಗೆ ಇಳಿಯುವವರೆಗೆ ನಿಮ್ಮ ಹಾರ್ನು ಕೊಡ್ತೀರಾ?"

"ಅಕ್ಕಾ, ನಿಮಗೆ ಎಂತಕ್ಕೆ?"

ಎಂತಕ್ಕೆ ಅಂತ ಹೇಳಿದೆ. ಅವರು ಹಾರ್ನು ಬಿಚ್ಚಿ, ಒರೆಸಿ ಕೈಗೆ ಕೊಟ್ಟರು. ಆಮೇಲೆ ಹೇಳಿದರು: "ಒಂದು ಜಾಗ್ರತೆ ಅಕ್ಕ. ಇದನ್ನು ಒತ್ತಿದರೆ ಬಸ್ಸು ಮಾತ್ರ ಬರುವುದಲ್ಲ."

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಹಿಂದೆ ಬಸ್ಸಿನ ಸದ್ದು ಕೇಳಿ ಮೊಮ್ಮಗಳು ತಿರುವಿನಲ್ಲಿ ಪೊಂಯ್ ಪೊಂಯ್ ಅಂತ ಹಿಂಡಿದಳು. ವಾರಗಟ್ಟಲೆ ಮೀನಿನ ಮುಖ ನೋಡದ ಊರು! ಮೊದಲು ಬಂದದ್ದು ಬೆಕ್ಕುಗಳು, ಬಾಲ ಎತ್ತಿಕೊಂಡು, ಎಲ್ಲ ಮನೆಯ ಬೆಕ್ಕುಗಳು. ಹಿಂದೆಯೇ ಹೆಂಗಸರು, ಒಬ್ಬರ ಕೈಯಲ್ಲಿ ತಟ್ಟೆ, ಒಬ್ಬರ ಕೈಯಲ್ಲಿ ಪಾತ್ರೆ. ರಸ್ತೆ ಪೂರ್ತಿ ಜನ. ಬಸ್ಸು ಕಿರ್ರೆಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಕಾಕಾ, ನನಗೂ ಸ್ವಲ್ಪ ಇಡಿ!" ಅಂದ.

ಪಕ್ಕದ ಮನೆಯವಳು ಸೈಕಲಿನ ಬುಟ್ಟಿಗೆ ಕೈ ಹಾಕಿದಳು. "ಎಂತ ಮೀನು ಮಾರಾಯ್ತಿ?"

"ಮೀನಿಲ್ಲ ಅತ್ತೆ," ಮೊಮ್ಮಗಳು ಅಳುವ ಸ್ವರದಲ್ಲಿ ಹೇಳಿದಳು, "ಸಮಾಜ ಪಾಠದ ಪುಸ್ತಕ ಉಂಟು."

ಎಲ್ಲ ತಟ್ಟೆಗಳೂ ಜಗಲಿಯಲ್ಲಿದ್ದ ನನ್ನ ಕಡೆ ತಿರುಗಿದವು. ಒಬ್ಬಳು ಬೈದಳು: "ಅಜ್ಜೀ, ಇದೆಂತ ತಮಾಷೆ! ನಾನು ಹಾರ್ನು ಕೇಳಿ ಮಸಾಲೆ ಕಡೆಯುವ ಕಲ್ಲಿಗೆ ಹಾಕಿ ಬಂದಿದ್ದೇನೆ!"

ಇಷ್ಟು ವರ್ಷದ ಸಿಟ್ಟು ಒಮ್ಮೆಲೇ ಬಂತು. ನಾನು ಜಗಲಿ ಇಳಿದು ಬಸ್ಸಿನ ಎದುರು ನಿಂತು ಡ್ರೈವರನನ್ನು ತೋರಿಸಿದೆ. "ಮಸಾಲೆ ಹಾಳು ಮಾಡಬೇಡಿ, ತಂದು ಇವನಿಗೆ ಹಚ್ಚಿ! ನಮ್ಮ ಮಕ್ಕಳನ್ನು ಚರಂಡಿಗೆ ಹಾಕುವವ ಇವನೇ!"

ಹೆಂಗಸರ ಮಕ್ಕಳೂ ಅದೇ ಚರಂಡಿಯಲ್ಲಿ ಬಿದ್ದವರೇ. ಮೀನಿಲ್ಲದ ಸಿಟ್ಟೂ ಸೇರಿತು. ತಟ್ಟೆಯಲ್ಲಿ ಬಸ್ಸಿಗೆ ಬಡಿದದ್ದು ಹೇಗೆ ಅಂದರೆ, ಒಳಗಿದ್ದವರು ಯಕ್ಷಗಾನದ ಚೆಂಡೆ ಅಂತ ತಿಳಿದಿರಬೇಕು. ಕೊನೆಗೆ ಡ್ರೈವರ್ ಎರಡೂ ಕೈ ಮುಗಿದ. "ಈ ತಿರುವಿನಲ್ಲಿ ನಿಧಾನ ಹೋಗ್ತೇನೆ ಅಮ್ಮಂದಿರೇ, ದಾರಿ ಬಿಡಿ."

ಮಾತಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹಾರ್ನಿನ ಮೇಲೆ ಇತ್ತು. ಮಳೆಯ ಜೋರು ಕಡಿಮೆಯಾಗಿ ಬೋಟು ಕಡಲಿಗೆ ಇಳಿದಾಗ ಹಾರ್ನು ವಾಪಸು ಕೊಡಲು ಹೋದೆ. ಕಾಕ ತಕ್ಕೊಳ್ಳಲಿಲ್ಲ, ಅವರು ಹೊಸದು ಹಾಕಿಸಿದ್ದರು. ಈಗ ರಸ್ತೆಯಲ್ಲಿ ಎರಡು ಹಾರ್ನು, ಸ್ವರ ಒಂದೇ. ಬರುವುದು ಬಂಗುಡೆಯಾ ಹುಡುಗಿಯಾ ಅಂತ ಆ ಡ್ರೈವರನಿಗೆ ಹೇಗೆ ಗೊತ್ತಾಗಬೇಕು? ಎರಡಕ್ಕೂ ನಿಧಾನ ಮಾಡಲೇಬೇಕು.

ಅಂಚಿಗೆ ಇವತ್ತಿಗೂ ಮಣ್ಣು ಬೀಳಲಿಲ್ಲ. ಮೊಮ್ಮಗಳು ಮಾತ್ರ ಮತ್ತೆ ಬೀಳದೆ ಹತ್ತನೆ ಪಾಸಾದಳು. ಅಲ್ಲಿಯವರೆಗೆ ಪ್ರತಿ ದಿನ ಬೆಳಿಗ್ಗೆ ಆ ಬಸ್ಸು ನಮ್ಮ ತಿರುವಿನಲ್ಲಿ ಇರುವೆಯ ಹಾಗೆ ಬರ್ತಿತ್ತು. ಡ್ರೈವರ್ ಆಸೆಯಿಂದ ಕತ್ತು ಹೊರಗೆ ಹಾಕಿ ನೋಡ್ತಿದ್ದ, ಇವಳ ಎರಡು ಜಡೆ ಕಂಡ ಕೂಡಲೇ ಮುಖ ಸಣ್ಣದು ಮಾಡಿ ಹೇಳ್ತಿದ್ದ:

"ಛೆ! ಇವತ್ತೂ ಶಾಲೆಯೇ!"