ಮಾವನವರ ಮರಿ, ಕಾರ್ಖಾನೆಯ ಕೂಗು

ನನ್ನ ಮಾವನವರು ನನಗೆ ಹೇಳಿದ ಮೊದಲ ಮಾತನ್ನು ಕೇಳಿಸಿಕೊಂಡದ್ದು ಒಂದು ನಾಯಿಮರಿ. ದೇವರಾಣೆ, ಸುಳ್ಳಲ್ಲ! ಮದುವೆಯಾಗಿ ಮಂಗಳೂರಿನ ಬೋಳಾರದ ಆ ಮನೆಗೆ ನಾನು ಬಂದು ಆಗಲೇ ನಾಲ್ಕು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಅವರು ನನ್ನ ಕಡೆ ಮುಖ ಮಾಡಿ ಒಂದಕ್ಷರ ಆಡಿದವರಲ್ಲ. ಸಿಟ್ಟೂ ಅಲ್ಲ, ಗರ್ವವೂ ಅಲ್ಲ. ಮಾವ ಸೊಸೆಯ ಹತ್ತಿರ ನೇರವಾಗಿ ಮಾತಾಡಬಾರದು, ಸೊಸೆ ಮಾವನ ಎದುರಿಗೆ ನಿಲ್ಲಬಾರದು ಎಂಬುದು ಆ ಕಾಲದ ಮರ್ಯಾದೆ. ಬೇರೆ ಮನೆಗಳಲ್ಲಿ ಈ ಮರ್ಯಾದೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮಾವನವರದು ಬಿರುಕು ಬಿಡುವ ಮಾಲಲ್ಲ. ಅವರು ಮೂವತ್ತು ವರ್ಷ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು.

ಹಾಗಾದರೆ ಸಂಸಾರ ಹೇಗೆ ನಡೆಯುತ್ತಿತ್ತು ಎಂದು ಕೇಳುತ್ತೀರಾ? ಕೆಮ್ಮಿನಿಂದ ನಡೆಯುತ್ತಿತ್ತು. ಒಂದು ಕೆಮ್ಮು ಎಂದರೆ ಚಹಾ. ಎರಡು ಕೆಮ್ಮು ಎಂದರೆ ಸ್ನಾನಕ್ಕೆ ಬಿಸಿನೀರು. ಮೂರು ಸಲ ಕೆಮ್ಮಿದರೆ ಅದು ನಿಜವಾದ ಕೆಮ್ಮು, ಕಷಾಯ ಮಾಡಬೇಕು. ಕೆಮ್ಮಿಗೆ ಮೀರಿದ ವಿಷಯಗಳೆಲ್ಲ ಅತ್ತೆಯವರ ಮೂಲಕ ಬರುತ್ತಿದ್ದವು. ನನ್ನ ಗಂಡ ಸರಕಾರದ ರಸ್ತೆ ಇಲಾಖೆಯಲ್ಲಿ ಓವರ್‌ಸಿಯರ್. ಘಟ್ಟದ ಮೇಲೆ ಎಲ್ಲೋ ರಸ್ತೆ ಅಗಲ ಮಾಡಿಸುತ್ತಾ ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ನಾನು ಕಾರ್ಕಳದ ಆಚೆಯ, ಇಪ್ಪತ್ತು ಜನ ಒಟ್ಟಿಗೆ ಊಟಕ್ಕೆ ಕೂರುವ ಮನೆಯಿಂದ ಬಂದವಳು. ಇಲ್ಲಿ ಮೂರೇ ಜನ, ಅದರಲ್ಲಿ ಒಬ್ಬರು ಕೆಮ್ಮುವವರು.

ಇಂಥ ಹೊತ್ತಿನಲ್ಲಿ ಬಜಪೆಯಲ್ಲಿದ್ದ ನಾದಿನಿಗೆ ಮೂರನೆಯ ಹೆರಿಗೆಯಾಯಿತು. ಗದ್ದೆ ಕೆಲಸದ ಸಮಯ, ಅವಳನ್ನು ಕಳಿಸಲಿಕ್ಕಾಗುವುದಿಲ್ಲ ಎಂದು ಆ ಮನೆಯವರು ಹೇಳಿದ್ದರಿಂದ ಬಾಣಂತನಕ್ಕೆ ಅತ್ತೆಯವರೇ ಹೊರಟರು. ನಲವತ್ತು ದಿನ! ಉಪ್ಪಿನಕಾಯಿ ಭರಣಿಯಿಂದ ದೇವರ ದೀಪದ ಬತ್ತಿಯವರೆಗೆ ಎಲ್ಲವನ್ನೂ ನನಗೆ ವಹಿಸಿಕೊಟ್ಟರು. ಮಾವನವರನ್ನು ಯಾರಿಗೆ ವಹಿಸುವುದೆಂದು ಅವರಿಗೂ ತಿಳಿಯಲಿಲ್ಲ.

ಅವರು ಹೋಗಿ ಒಂದು ವಾರವಾಗಿರಬೇಕು. ಒಂದು ಮಧ್ಯಾಹ್ನ ಮಾವನವರು ಹೆಗಲಿನ ಬೈರಾಸು ವಸ್ತ್ರದಲ್ಲಿ ಏನನ್ನೋ ಸುತ್ತಿ ಹಿಡಿದುಕೊಂಡು ಬಂದರು. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಆವಿಗೆಯಿಂದ ಆಗಷ್ಟೇ ತೆಗೆದ ಹಂಚು ಹಿಡಿಯುವವರ ಹಾಗೆ, ಮೈಗೆ ತಗಲದಂತೆ ನಡೆದು ಬಂದು ಅದನ್ನು ಚಾವಡಿಯ ನೆಲದ ಮೇಲಿಟ್ಟರು. ಬಿಚ್ಚಿದರೆ ಕಂದು ಬಣ್ಣದ ಒಂದು ನಾಯಿಮರಿ. ಕಣ್ಣು ತೆರೆದಿತ್ತು, ಹಲ್ಲು ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಹಂಚು ಒಣಗಿಸುವ ಚಪ್ಪರದಲ್ಲಿ ಹುಟ್ಟಿದ್ದು, ತಾಯಿ ಲಾರಿಯಡಿಗೆ ಸಿಕ್ಕಿ ಸತ್ತಿತ್ತು. ಮಾವನವರು ಅಡಿಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ನಿಂತು ಮರಿಯನ್ನೇ ನೋಡುತ್ತಾ ಗಂಭೀರವಾಗಿ ಹೇಳಿದರು:

"ಮರೀ, ನಿನಗೆ ಹಾಲು ಬೇಕು ಅಂತ ಅವಳ ಹತ್ತಿರ ಹೇಳು."

ನಾನು ಬಾಗಿಲ ಹಿಂದೆ ದಂಗಾದೆ. ಮರಿ ಏನೂ ಹೇಳಲಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ಮರಿಗೆ ಹೇಳುವುದನ್ನು ಮಾತ್ರ ಅವರು ಕನ್ನಡದಲ್ಲಿ ಹೇಳಿದ್ದರು. ಕಾರ್ಖಾನೆಯ ಬೋರ್ಡುಗಳೆಲ್ಲ ಕನ್ನಡದಲ್ಲಿದ್ದವು, ಆದ್ದರಿಂದ ಆಜ್ಞೆಗೆ ಕನ್ನಡವೇ ಸರಿ ಎಂಬುದು ಅವರ ಲೆಕ್ಕವೆಂದು ಕಾಣುತ್ತದೆ. ನಾನು ಹಾಲನ್ನು ಹೊಸ್ತಿಲ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ನಾನೂ ಕನ್ನಡದಲ್ಲೇ ಹೇಳಿದೆ:

"ಮರೀ, ಹಾಲು ಬಿಸಿ ಉಂಟು. ಆರಿಸಿ ಕುಡಿಸ್ಬೇಕು ಅಂತ ಹೇಳು."

ಹೀಗೆ ಆ ಮನೆಗೆ ಒಬ್ಬ ದುಭಾಷಿಯ ನೇಮಕವಾಯಿತು.

ಆದರೆ ದುಭಾಷಿಯ ಕೆಲಸ ಕಾಯಂ ಆಗುವುದು ಸುಲಭವಿರಲಿಲ್ಲ. ಅತ್ತೆಯವರ ಮಡಿ ಎಂದರೆ ಇಡೀ ಬೋಳಾರಕ್ಕೆ ಗೊತ್ತು. ಹಿಂದೆ ಎರಡು ಬೆಕ್ಕುಗಳು ಚಾವಡಿಯಲ್ಲಿ ಹೊಲಸು ಮಾಡಿದ್ದಕ್ಕೆ ಅವನ್ನು ಗೋಣಿಯಲ್ಲಿ ಕಟ್ಟಿಸಿ, ದೋಣಿಯಲ್ಲಿ ಕೂರಿಸಿ, ನೇತ್ರಾವತಿಯ ಆಚೆ ದಡಕ್ಕೆ ದಾಟಿಸಿದವರು ಅವರು. ಅವರು ಬರುವುದಕ್ಕೆ ಇನ್ನು ಮೂವತ್ತಮೂರು ದಿನ. ಅಷ್ಟರೊಳಗೆ ಈ ಮರಿ ಬದುಕಬೇಕು, ಮತ್ತು ಮನೆಯೊಳಗೆ ಒಂದು ತೊಟ್ಟೂ ಬೀಳಿಸದಂತೆ ಕಲಿಯಬೇಕು. ಇಲ್ಲವೆಂದರೆ ಗೋಣಿ, ದೋಣಿ, ಆಚೆ ದಡ.

ಮೊದಲು ಬದುಕುವ ವಿಷಯ. ಮರಿಗೆ ನೆಕ್ಕಿ ಕುಡಿಯಲು ಬರುತ್ತಿರಲಿಲ್ಲ. ಅತ್ತೆಯವರು ಹೊಸೆದಿಟ್ಟಿದ್ದ ದೇವರ ಬತ್ತಿಗಳನ್ನೇ ಹಾಲಿಗೆ ಅದ್ದಿ ಚೀಪಿಸಿದೆವು. ದೇವರಿಗೆ ಸಂಜೆ ಒಂದೇ ಬತ್ತಿ, ಮರಿಗೆ ದಿನಕ್ಕೆ ಹನ್ನೆರಡು! ಹೊಟ್ಟೆ ತುಂಬಿತೋ ಇಲ್ಲವೋ ಎಂದು ತಿಳಿಯಲು ಮಾವನವರ ಹತ್ತಿರ ವಿದ್ಯೆಯಿತ್ತು. ಬೆಂದ ಹಂಚನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಠಣ್ ಎಂದರೆ ಒಳ್ಳೆಯದು, ಡಬ್ ಎಂದರೆ ಒಡಕು ಎಂದು ಬೇರ್ಪಡಿಸುವುದೇ ಅವರ ಕೆಲಸವಾಗಿತ್ತಲ್ಲ? ಮರಿಯನ್ನು ಬೈರಾಸಿನ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯನ್ನು ಮೆಲ್ಲಗೆ ಕುಟ್ಟಿ ಕಿವಿಗೊಡುತ್ತಿದ್ದರು. ಡಬ್ ಎಂದರೆ ಊಟ ಮುಗಿಯಿತು. ಡಬ್ ಎಂದದ್ದನ್ನೆಲ್ಲ ಮೂವತ್ತು ವರ್ಷ ಬದಿಗೆಸೆದ ಮನುಷ್ಯ ಆ ಶಬ್ದಕ್ಕೆ ಮುಖ ಅರಳಿಸಿದ್ದು ಅದೇ ಮೊದಲಿರಬೇಕು. ಆಮೇಲೆ ತಪ್ಪದೆ ಎದ್ದು ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಅದೂ ಅವರ ಹುಚ್ಚುಗಳಲ್ಲಿ ಒಂದೆಂದು ನಾನು ತಿಳಿದಿದ್ದೆ.

ಎರಡನೆಯ ದಿನ ಹೊಸ ಸಂಕಟ. ಒಳಗೆ ಹೋದ ಹಾಲು ಹೊರಗೆ ಬರಲೇ ಇಲ್ಲ. ಮರಿ ಹೊಟ್ಟೆ ಉಬ್ಬಿಸಿಕೊಂಡು ಕುಂಯ್‌ಗುಡತೊಡಗಿತು. ಪಕ್ಕದ ಮನೆಯ ಬಾಯಮ್ಮ ಬೇಲಿಯ ಆಚೆಯಿಂದ ಇಣುಕಿದರು. ಅವರು ಇಗರ್ಜಿ ಶಾಲೆಯ ಟೀಚರು, ಮನೆಯಲ್ಲಿ ಸದಾ ನಾಲ್ಕು ನಾಯಿ.

"ಎಂತ ಮಾರಾಯ್ರೇ, ಅಷ್ಟೂ ಗೊತ್ತಿಲ್ವಾ ನಿಮಗೆ? ಇಷ್ಟು ಸಣ್ಣ ಮರಿಗೆ ತಾಯಿ ನೆಕ್ಕಿದ್ರೇ ಆಗುದು. ಒಂದು ಮೆತ್ತಗಿನ ಎಂತಾದ್ರೂ ಬಿಸಿನೀರಿಗೆ ಅದ್ದಿ ಹೊಟ್ಟೆ ಅಡಿಗೆ ಉಜ್ಜಿ."

ಮೆತ್ತಗಿನದು ಏನಿದೆ? ಮಾವನವರು ಒಳಗೆ ಹೋಗಿ ತಮ್ಮ ಕ್ಷೌರದ ಬ್ರಶ್ಶನ್ನೇ ತಂದರು. ಅಂಗಳದ ತೆಂಗಿನ ಬುಡದಲ್ಲಿ ಮರಿಯನ್ನು ಹಿಡಿದು ಬ್ರಶ್ಶಾಡಿಸುವುದಕ್ಕೂ ಕಾರ್ಖಾನೆಯ ಸೈರನ್ನಿನ ಹನ್ನೆರಡರ ಕೂಗು ಮೊಳಗುವುದಕ್ಕೂ ಸರಿಹೋಯಿತು. ಅಹಾ, ಕಾರಂಜಿ! ಮಾವನವರಿಗೆ ಆ ಕೂಗೇ ದೇವವಾಣಿ. ನಿವೃತ್ತರಾದ ಮೇಲೂ ಅವರು ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಅದರ ಪ್ರಕಾರವೇ. ಅಂದಿನಿಂದ ಬೆಳಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಒಂದು, ಸಂಜೆ ಐದು, ಕೂಗಿದಾಗಲೆಲ್ಲ ತೆಂಗಿನ ಬುಡ ಮತ್ತು ಬ್ರಶ್ಶು. ಆ ಬ್ರಶ್ಶು ಮತ್ತೆ ಕೆನ್ನೆಗೆ ಬರುವ ಹಾಗಿರಲಿಲ್ಲವಾದ್ದರಿಂದ ಮಾವನವರು ಗಡ್ಡ ಬಿಟ್ಟರು. ಮಂಗಳಾದೇವಿ ಗುಡಿಯಲ್ಲಿ ಕಂಡವರೆಲ್ಲ ಏನು ಹರಕೆ ಎಂದು ಕೇಳತೊಡಗಿದರಂತೆ. ದೊಡ್ಡ ಹರಕೆ ಎಂದಷ್ಟೇ ಹೇಳಿದರಂತೆ.

ಎರಡು ವಾರ ಕಳೆಯುವಷ್ಟರಲ್ಲಿ ಬ್ರಶ್ಶೇ ಬೇಡವಾಯಿತು. ಕೂಗು ಕೇಳಿದರೆ ಸಾಕು, ಮರಿ ಎಲ್ಲಿದ್ದರೂ ಎದ್ದು, ತೂರಾಡುತ್ತಾ ಮೆಟ್ಟಿಲಿಳಿದು, ತೆಂಗಿನ ಬುಡಕ್ಕೆ ಹೋಗಿ ಕೆಲಸ ಮುಗಿಸಿ ಬರುತ್ತಿತ್ತು. ಕಾರ್ಖಾನೆಯಲ್ಲಿ ಮುನ್ನೂರು ಆಳುಗಳಿಗೆ ಕಲಿಸಲಾಗದ್ದನ್ನು ಒಂದು ಮರಿಗೆ ಕಲಿಸಿದೆ ಎಂದು ಮಾವನವರು ಕಂಬಕ್ಕೆ ಹೇಳಿಕೊಂಡರು.

ಆದರೆ ಭಾನುವಾರ ಕಾರ್ಖಾನೆಗೆ ರಜೆ ಎಂಬುದನ್ನು ಮೂವತ್ತು ವರ್ಷದ ಮೇಸ್ತ್ರಿಯೇ ಮರೆತರೆ ಹೇಗೆ? ಬ್ರಶ್ಶು ಬಿಟ್ಟ ಮೇಲಿನ ಮೊದಲ ಭಾನುವಾರ ಏಳಾಯಿತು, ಕೂಗಿಲ್ಲ. ಎಂಟಾಯಿತು. ಮರಿ ಚಾವಡಿಯಲ್ಲಿ ಕೂತು ಗಾಳಿಗೆ ಕಿವಿಗೊಟ್ಟು ಕಾಯುತ್ತಿತ್ತು. ಕೊನೆಗೆ ಅದರ ಮುಖ ನೋಡಲಾರದೆ ಮಾವನವರು ದೇವರ ಕೋಣೆಗೆ ಹೋಗಿ ಶಂಖ ತಂದು, ಜಗಲಿಯಲ್ಲಿ ನಿಂತು, ಎದೆ ತುಂಬ ಉಸಿರೆಳೆದು ಊದಿದರು. ಮರಿ ಓಡಿತು. ಹಿಂದೆಯೇ ಇಡೀ ಕೇರಿಯೂ ಓಡಿ ಬಂತು! ನಮ್ಮಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಶಂಖ ಕೇಳಿದರೆ ಆ ಮನೆಯಲ್ಲಿ ಯಾರೋ ತೀರಿಕೊಂಡರೆಂದೇ ಅರ್ಥ. ಎದುರು ಮನೆಯವರು ತಲೆಗೆ ಬೈರಾಸು ಕಟ್ಟಿಕೊಂಡು, ಕೈಯಲ್ಲಿ ಕೊಡಲಿ ಹಿಡಿದೇ ಬಂದಿದ್ದರು.

"ಯಾರು ಹೋದದ್ದು? ಚಿತೆಗೆ ಯಾವ ಮಾವಿನ ಮರ ಕಡಿಯುದು?" ಎಂದು ಅವರು ಕೇಳಿದ್ದು ಮಾವನವರನ್ನೇ.

ಯಾವುದನ್ನೂ ಕಡಿಯುವುದು ಬೇಡ, ನಾನು ಇನ್ನೂ ಇದ್ದೇನೆ ಎಂದು ಮಾವನವರು ಶಂಖವನ್ನು ಬೆನ್ನ ಹಿಂದೆ ಮರೆಮಾಡಿ ಹೇಳಿದರು. ಬಂದವರಿಗೆಲ್ಲ ನಾನು ಚಹಾ ಮಾಡಿದೆ. ಅಂದಿನಿಂದ ಭಾನುವಾರ ಮರಿಗೂ ರಜೆ. ಅಂದರೆ ಅದು ಎಲ್ಲಿ ಬೇಕಾದರೂ ಮಾಡಬಹುದು, ಒರೆಸುವುದು ನಾನು.

ಇಷ್ಟರಲ್ಲಿ ದುಭಾಷಿಯ ಕೆಲಸ ವಿಪರೀತ ಹೆಚ್ಚಿತ್ತು. "ಮರೀ, ಸಾರಿಗೆ ಉಪ್ಪು ಕಡಮೆ ಅಂತ ಹೇಳು." "ಮರೀ, ನಾಳೆಯಿಂದ ಸರಿ ಮಾಡ್ತೇನೆ ಅಂತ ಹೇಳು." ಒಂದು ದಿನ ನಾನು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಒಲೆಯ ಮೇಲೆ ಅನ್ನ ಸೀಯತೊಡಗಿತು. ಮಾವನವರಿಗೆ ವಾಸನೆ ಬಂತು. ಹೇಳೋಣವೆಂದರೆ ಮರಿ ಇಲ್ಲ! ಮಂಚದಡಿ ಹುಡುಕಿ, ಕಪಾಟಿನ ಸಂದಿ ಹುಡುಕಿ, ಕೊನೆಗೆ ತಮ್ಮ ಆರಾಮ ಕುರ್ಚಿಯ ಕೆಳಗೆ ಮಲಗಿದ್ದುದನ್ನು ಎಬ್ಬಿಸಿ, ಹಿತ್ತಿಲಿಗೆ ಎತ್ತಿ ತಂದು ನನ್ನಿಂದ ಹತ್ತು ಮಾರು ದೂರದಲ್ಲಿ ನಿಲ್ಲಿಸಿ ಹೇಳಿದರು, "ಮರೀ, ಅನ್ನ ಸೀಯ್ತಾ ಉಂಟು ಅಂತ ಹೇಳು." ಅಷ್ಟರಲ್ಲಿ ಅದು ಅನ್ನವಾಗಿ ಉಳಿದಿರಲಿಲ್ಲ. ಆ ದಿನ ಇಬ್ಬರಿಗೂ ಅವಲಕ್ಕಿ.

ಸಂಜೆ ಐದರ ಕೂಗಿನ ಮೇಲೆ ಅವರು ಜಗಲಿಯಲ್ಲಿ, ನಾನು ಬಾಗಿಲ ಹಿಂದೆ, ಹೊಸ್ತಿಲ ಮೇಲೆ ಮರಿ. ಅವರು ಮರಿಗೆ ಜೇಡಿಮಣ್ಣಿನ ಗುಣ ಹೇಳುತ್ತಿದ್ದರು, ತಮ್ಮ ತಾಯಿ ಮಾಡುತ್ತಿದ್ದ ಪತ್ರೊಡೆಯ ರುಚಿ ಹೇಳುತ್ತಿದ್ದರು. ನಾನು ಮರಿಗೆ ನಮ್ಮೂರಿನ ಕೆರೆ, ನನ್ನ ಐವರು ಅಣ್ಣಂದಿರು, ಯಾರು ಯಾರಿಗೆ ಏನು ಅಡ್ಡಹೆಸರಿಟ್ಟಿದ್ದರು ಎಂಬುದನ್ನೆಲ್ಲ ಹೇಳುತ್ತಿದ್ದೆ. ಮರಿ ನಿದ್ದೆಹೋಗಿ ಎಷ್ಟು ಹೊತ್ತಾಗಿದ್ದರೂ ನಾವಿಬ್ಬರೂ ಅದಕ್ಕೆ ಹೇಳುತ್ತಲೇ ಇರುತ್ತಿದ್ದೆವು.

ಅತ್ತೆಯವರು ಬರುವುದು ಬುಧವಾರವೆಂದು ಕಾಗದ ಬಂತು. ಹನ್ನೊಂದರ ಬಸ್ಸಿಗೆ ಬಂದರೆ ಮನೆ ಸೇರುವಾಗ ಹನ್ನೆರಡರ ಕೂಗು, ಅವರ ಕಣ್ಣೆದುರಿಗೇ ಮರಿ ಶಿಸ್ತಾಗಿ ತೆಂಗಿನ ಬುಡಕ್ಕೆ ಹೋಗುವುದು, ಅವರು ಮೆಚ್ಚುವುದು. ಮಾವನವರು ಇದನ್ನೆಲ್ಲ ಮರಿಗೆ ಮೂರು ಸಲ ವಿವರಿಸಿ ಹೇಳಿದರು. ಮನುಷ್ಯರು ಎಣಿಸಿದ್ದು ಒಂದು! ಯಾರದೋ ಜೀಪು ಮಂಗಳೂರಿಗೆ ಹೊರಟಿತ್ತೆಂದು ಅತ್ತೆಯವರು ಮೂರು ದಿನ ಮೊದಲೇ, ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಬಂದೇ ಬಿಟ್ಟರು.

ಕಾಲು ತೊಳೆದು ಚಾವಡಿಗೆ ಬಂದವರ ಕಣ್ಣು ಮೊದಲು ಬಿದ್ದದ್ದು ಗಂಡನ ಗಡ್ಡದ ಮೇಲೆ. ಆಮೇಲೆ ಮರಿಯ ಮೇಲೆ. ಮರಿ ಆ ಹೊತ್ತಿಗೆ ದೇವರ ಕೋಣೆಯ ಹೊಸ್ತಿಲ ಹತ್ತಿರ ಮೂಗು ನೆಲಕ್ಕೆ ಹಚ್ಚಿ ಗಿರಗಿರನೆ ಸುತ್ತುತ್ತಿತ್ತು. ಆ ಸುತ್ತಿನ ಅರ್ಥ ನನಗೂ ಗೊತ್ತು, ಮಾವನವರಿಗೂ ಗೊತ್ತು. ಶಂಖವಿರುವುದು ದೇವರ ಕೋಣೆಯಲ್ಲಿ, ಅತ್ತೆಯವರು ನಿಂತಿರುವುದು ಅದರ ಬಾಗಿಲಿಗೆ ಅಡ್ಡವಾಗಿ. ಮಾವನವರ ಮುಖ ಬಿಳಿಚಿಕೊಂಡಿತು. ಮರಿ ಹಿಂಗಾಲು ಮಡಚಿತು.

ನನಗೆ ಏನಾಯಿತೋ! ಆ ಮನೆಯಲ್ಲಿ ಯಾರ ಎದುರಿಗೂ ಪಿಸುಮಾತಿಗಿಂತ ಮೇಲೆ ದನಿ ಎತ್ತದಿದ್ದ ಸೊಸೆ ನಾನು, ಬಾಗಿಲ ಹಿಂದಿನಿಂದ ಚಾವಡಿಯ ನಡುವಿಗೆ ಬಂದು ನಿಂತು, ಕತ್ತೆತ್ತಿ, "ಊಂಂಂಂ..." ಎಂದು ಹಂಚಿನ ಕಾರ್ಖಾನೆಯ ಹಾಗೆ ಕೂಗಿದೆ. ಮರಿ ಚಂಗನೆ ಎದ್ದು, ಅತ್ತೆಯವರ ಕಾಲ ಸಂದಿಯಿಂದ ನುಸುಳಿ, ಅಂಗಳಕ್ಕೆ ಓಡಿತು.

ಅತ್ತೆಯವರು ಎದೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತರು. "ಈ ಹುಡುಗಿಗೆ ಎಂತ ಆಯ್ತು? ಆ ನಾಯಿ ಯಾರದ್ದು?"

ಮಾವನವರು ತಲೆ ತಗ್ಗಿಸಿದರು. "ನಾನು ತಂದದ್ದು."

"ನೀವಾ?" ಅತ್ತೆಯವರು ನಂಬಲಿಲ್ಲ. "ಏಳು ವರ್ಷದವರಿರುವಾಗ ನಾಯಿ ಕಚ್ಚಿ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವರು ನೀವು. ನಾಯಿ ಕಂಡ್ರೆ ಈಗ್ಲೂ ರಸ್ತೆಯ ಆಚೆ ಬದಿಗೆ ಹೋಗ್ತೀರಿ. ನಿಮಗೆ ನಾಯಿ ಎಂತಕ್ಕೆ?"

ಮಾವನವರು ಅಭ್ಯಾಸಬಲದಿಂದ ನೆಲದ ಮೇಲೆ ಮರಿಯನ್ನು ಹುಡುಕಿದರು. ಮರಿ ಅಂಗಳದಲ್ಲಿತ್ತು.

"ನನಗಲ್ಲ," ಎಂದರು. "ನೀನು ಹೋದ ಮೇಲೆ ಇವಳು ದಿನಾ ಬಾವಿಯ ಹತ್ತಿರ ಕೂತು ಅಳ್ತಿದ್ದಳು. ಎಂತ ಮಗಾ ಅಂತ ನಾನು ಕೇಳುವ ಹಾಗಿಲ್ಲ. ಮನೆಯಲ್ಲಿ ಮಾತಾಡ್ಲಿಕ್ಕೆ ಒಂದು ಜೀವ ಬೇಕಲ್ಲ."

ನಾನು ಅಳುತ್ತಿದ್ದುದು ಹೌದು. ರಾಟೆ ಕಿರುಗುಟ್ಟುವಾಗ ಅತ್ತರೆ ಯಾರಿಗೂ ಕೇಳಿಸುವುದಿಲ್ಲವೆಂದು ತಿಳಿದು ಬೇಕೆಂದೇ ಮತ್ತೆ ಮತ್ತೆ ನೀರು ಸೇದುತ್ತಿದ್ದೆ. ಜಗಲಿಯಲ್ಲಿ ಕೆಮ್ಮುತ್ತಾ ಕೂತ ಆ ಮನುಷ್ಯನಿಗೆ ಅದು ಕೇಳಿಸಿತ್ತು. ಮುಟ್ಟಿದರೆ ಮೈ ನಡುಗುವ ಪ್ರಾಣಿಯನ್ನು ಬೈರಾಸಿನಲ್ಲಿ ಸುತ್ತಿಕೊಂಡು, ಬೋಳಾರದ ಬೀದಿಯುದ್ದಕ್ಕೂ ಕೈ ಚಾಚಿ ಹಿಡಿದು ಅವರು ತಂದದ್ದು ನನಗೋಸ್ಕರ.

ಮರಿ ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ನಿಂತಿತು. ಅತ್ತೆಯವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೀರೆಯ ಅಂಚನ್ನು ತುಸು ಮೇಲೆತ್ತಿ, ಬದಿಗೆ ಸರಿದು ಅದಕ್ಕೆ ದಾರಿ ಬಿಟ್ಟರು. "ಚಾವಡಿಯವರೆಗೆ ಬರ್ಲಿ. ದೇವರ ಕೋಣೆಗೆ ಬೇಡ," ಎಂದರು.

ಬಾವಿಯ ಹತ್ತಿರ ನಾನು ಮತ್ತೆಂದೂ ಅಳಲಿಲ್ಲ. ಆ ದಿನ ಮಾತ್ರ, ಚಾವಡಿಯ ನಟ್ಟನಡುವೆ, ಅವರಿಬ್ಬರ ಎದುರಿಗೇ ನಿಂತು, ಮನಸಾರೆ ಅತ್ತುಬಿಟ್ಟೆ.