ಬೋಗುಣಿಯಡಿ ಬೋರಲಾಗಿದ್ದ ಫೋನು

ಮನುಷ್ಯನಿಗೆ ಜಂಬ ಕೊಚ್ಚಿಕೊಳ್ಳಲು ಏನಾದರೊಂದು ಬೇಕು. ಕೆಲವರಿಗೆ ಗದ್ದೆ ಇರುತ್ತದೆ, ಕೆಲವರಿಗೆ ಮೀಸೆ ಇರುತ್ತದೆ. ನನಗೆ ಎರಡರಲ್ಲೂ ಬೆಳೆ ಸರಿಯಾಗಿ ಬರಲಿಲ್ಲ. ಆದ್ದರಿಂದ ಲಿನಕ್ಸ್ ಇಟ್ಟುಕೊಂಡೆ. ಮದ್ದೂರಿನ ನಮ್ಮ ಬೀದಿಯಲ್ಲಿ ಎಲ್ಲರ ಕಂಪ್ಯೂಟರುಗಳೂ ಒಂದೇ ತಂತ್ರಾಂಶದಿಂದ ನಡೆದರೆ ನನ್ನದು ಮಾತ್ರ ಲಿನಕ್ಸ್ ಎಂಬ ಬೇರೊಂದರಿಂದ ನಡೆಯುತ್ತದೆ. ನಡೆಯುತ್ತದೆ ಎನ್ನುವುದು ನನ್ನ ಮಾತು. ನನ್ನ ಹೆಂಡತಿ ಸುನಂದಳ ಪ್ರಕಾರ ಅದು ಕೂತಿರುತ್ತದೆ, ನಾನು ಅದರ ಸುತ್ತ ನಡೆಯುತ್ತಿರುತ್ತೇನೆ. ವೈದ್ಯನಾಥಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿರುವ ನಾನು ಸ್ಟಾಫ್ ರೂಮಿನಲ್ಲಿ ಲಿನಕ್ಸಿನ ಹೆಸರೆತ್ತಿದರೆ ಸಾಕು, ಸಹೋದ್ಯೋಗಿಗಳಿಗೆ ಇದ್ದಕ್ಕಿದ್ದಂತೆ ತರಗತಿಗಳ ನೆನಪಾಗುತ್ತದೆ. ಮಕ್ಕಳ ವಿದ್ಯಾಭ್ಯಾಸಕ್ಕೆ ನನ್ನಿಂದ ಇಷ್ಟಾದರೂ ಆಗುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೇನೆ.

ಇಷ್ಟು ಜಂಬದ ನಾನು ಒಂದು ಫೋನಿನ ಮುಂದೆ ಹೇಗೆ ಮಣ್ಣುಮುಕ್ಕಿದೆ ಎಂಬುದನ್ನು ಹೇಳಬೇಕಾದರೆ ಮೊದಲು ದೊಡ್ಡಮ್ಮನ ವಿಷಯ ಹೇಳಬೇಕು. ಬೆಸಗರಹಳ್ಳಿಯ ನನ್ನ ದೊಡ್ಡಮ್ಮ ಪುಟ್ಟತಾಯಮ್ಮ ಸೋಬಾನೆ ಪದ ಹೇಳುವುದರಲ್ಲಿ ಸುತ್ತ ಹತ್ತು ಊರಿಗೆ ಹೆಸರಾದವಳು. ನಮ್ಮ ಕಡೆ ಚಪ್ಪರದ ದಿನದ ಶಾಸ್ತ್ರಗಳು ಪುರೋಹಿತರಿಲ್ಲದೆ ನಡೆದುಹೋಗುತ್ತವೆ, ಸೋಬಾನೆಯವಳಿಲ್ಲದೆ ನಡೆಯುವುದಿಲ್ಲ. ಅದರಲ್ಲೂ ದೊಡ್ಡಮ್ಮನ ವಂಶದವರಲ್ಲಿ ಒಂದು ಕಟ್ಟಳೆಯಿದೆ. ಬಾವಿಯಿಂದ ಮದುವೆಯ ನೀರು ತರುವಾಗ, ಕೊಡ ತುಂಬಿದಲ್ಲಿಂದ ಚಪ್ಪರ ಮುಟ್ಟುವವರೆಗೆ ಪದ ಕಡಿಯಬಾರದು. ಕಡಿದರೆ ಹೆಂಗಸರು ನಿಂತಲ್ಲೇ ನಿಲ್ಲಬೇಕು. ಮುಂದೆ ಹೆಜ್ಜೆ ಇಡುವಂತಿಲ್ಲ, ಕೊಡ ಇಳಿಸುವಂತಿಲ್ಲ. ಮುಂದಾಳಾಗಿ ಪದ ಎತ್ತುವುದು ದೊಡ್ಡಮ್ಮನಿಗೆ ಮಾತ್ರ ಗೊತ್ತು, ಉಳಿದವರಿಗೆ ಹಿಂದಿನಿಂದ ಸೊಲ್ಲು ಕೂಡಿಸಿ ಗೊತ್ತು. ಊರವರ ಹೆಣ್ಣುಮಕ್ಕಳಿಗೆಲ್ಲ ಹೀಗೆ ಹೇಳಿಕೊಂಡು ಬಂದವಳಿಗೆ, ತನ್ನ ಮೊಮ್ಮಗಳ ಮದುವೆ ಗೊತ್ತಾಗುವ ಹೊತ್ತಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಈಗ ಇರುವುದು ಬರೀ ಪಿಸುಮಾತು. ಪಿಸುಮಾತಿನಲ್ಲಿ ಬೈಸಿಕೊಳ್ಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ನಾವೇ ಹತ್ತಿರ ಹೋಗಿ, ಬಗ್ಗಿ, ಕಿವಿ ಕೊಟ್ಟು ಬೈಸಿಕೊಳ್ಳಬೇಕು.

ಆದರೆ ದನಿ ಹೋಗುವುದಕ್ಕೆ ಕೆಲವು ವರ್ಷ ಮೊದಲು, ಹೊಸ ಮೈಕು ತಂದ ಹುರುಪಿನಲ್ಲಿ, ದೊಡ್ಡಮ್ಮನನ್ನು ನಮ್ಮ ಮನೆಯ ಮಂಚದ ಮೇಲೆ ಕೂರಿಸಿ, ಫ್ಯಾನು ಆರಿಸಿ, ಬೆವರಿಳಿಸಿ ಮೂವತ್ತೊಂದು ಪದಗಳನ್ನು ನನ್ನ ಲಿನಕ್ಸ್ ಕಂಪ್ಯೂಟರಿಗೆ ತುಂಬಿಸಿಕೊಂಡಿದ್ದೆ. ಚಪ್ಪರದ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ದೊಡ್ಡಮ್ಮ ನಮ್ಮ ಮನೆಗೆ ಬಂದಳು. ಎಲೆಅಡಿಕೆ ಚೀಲದಿಂದ ಫೋನು ತೆಗೆದು ನನ್ನ ಕೈಗಿಟ್ಟು ಪಿಸುಗುಟ್ಟಿದಳು.

"ಇದ್ರೊಳಕ್ಕೆ ನನ್ ಪದ ಆಕ್ಕೊಡ್ಲಾ. ಊರೋರ ಮಕ್ಳಿಗೆಲ್ಲ ಏಳಿವ್ನಿ. ನನ್ ಮೊಮ್ಮಗಳ ನೀರಿಗೆ ನನ್ ದನಿ ಇಲ್ಲ ಅಂದ್ರೆ ನಾನು ಇದ್ದೂ ಏನು ಬಂತು."

ನಾನು ಫೋನಿಗಂಟಿದ್ದ ಸುಣ್ಣ ಒರೆಸುತ್ತ, "ಕಾಫಿ ಕುಡಿಯೋಷ್ಟ್ರಲ್ಲಿ ಆಯ್ತದೆ ಬುಡು ದೊಡ್ಡಮ್ಮ" ಎಂದೆ. ಆ ಮಾತು ಆಡಬಾರದಿತ್ತು.

ಈಗ ನಮ್ಮ ಮನೆಯ ಒಂದು ಕಾಯಿದೆ ಹೇಳಬೇಕು. ಹಿಂದೊಮ್ಮೆ ಪಕ್ಕದ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಸಿಡಿದು ಕಿಟಕಿಯ ಪರದೆ ಸುಟ್ಟಿತ್ತು. ಅಂದಿನಿಂದ ಸುನಂದ ಮಾಡಿರುವ ಕಾನೂನೆಂದರೆ, ವೈರು ಚುಚ್ಚಿದ ಫೋನನ್ನು ಬೋರಲು ಹಾಕಬೇಕು, ಅದರ ಮೇಲೆ ಹಿತ್ತಾಳೆ ಬೋಗುಣಿ ಕವುಚಬೇಕು, ವೈರು ಕೀಳುವವರೆಗೆ ಯಾರೂ ಮುಟ್ಟಬಾರದು. ಸಿಡಿದರೆ ಬೋಗುಣಿಯೊಳಗೇ ಸಿಡಿದುಕೊಳ್ಳಲಿ ಎಂದು. ಗಂಡಸು ಮನೆಯಲ್ಲಿ ನೆಮ್ಮದಿಯಾಗಿರಬೇಕಾದರೆ ಇಂಥ ಕಾಯಿದೆಗಳ ಕಾರಣ ಕೇಳಬಾರದು. ನಾನು ಕೇಳಿಲ್ಲ.

ಫೋನಿಗೂ ಕಂಪ್ಯೂಟರಿಗೂ ವೈರು ಚುಚ್ಚಿದೆ. ಫೋನನ್ನು ಬೋರಲು ಹಾಕಿದೆ. ಸುನಂದ ಬೋಗುಣಿ ಕವುಚಿದಳು. ಒಳಗಿನಿಂದ ಟಿಣ್ ಎಂದಿತು. ಹಿತ್ತಾಳೆಯಾದ್ದರಿಂದ ನಾದ ಚೆನ್ನಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಫೋನಿನ ಹೆಸರು ಬಂತು. ನಾನು ದೊಡ್ಡಮ್ಮನ ಕಡೆ ಗೆದ್ದವನಂತೆ ನೋಡಿ, ಆ ಹೆಸರನ್ನು ಒತ್ತಿದೆ. ಒಳಗೆ ಏನೂ ಇರಲಿಲ್ಲ. ಹಾಡು ಹಾಕಲು ಜಾಗವಿಲ್ಲ, ಮನೆಯಿದ್ದೂ ಬಾಗಿಲಿಲ್ಲ. ದೊಡ್ಡಮ್ಮ ಬೋಗುಣಿ ಕಡೆ ಕೈ ತೋರಿಸಿ ಏನೋ ಪಿಸುಗುಟ್ಟಿದಳು. "ಸುಮ್ನಿರು ದೊಡ್ಡಮ್ಮ, ಇದು ತಲೆಕೆಲಸ" ಎಂದೆ.

ವೈರು ಬದಲಿಸಿದೆ. ಟಿಣ್. ಖಾಲಿ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಟಿಣ್. ಖಾಲಿ. ದೋಷ ದೊಡ್ಡಮ್ಮನ ಫೋನಿನದೇ ಇರಬೇಕೆಂದು ನನ್ನದನ್ನೂ ಸುನಂದಳದನ್ನೂ ಚುಚ್ಚಿ ನೋಡಿದೆ. ಅವಕ್ಕೂ ಕಾಯಿದೆ ಅನ್ವಯಿಸುತ್ತದಾದ್ದರಿಂದ ಒಂದರ ಮೇಲೆ ಕುಕ್ಕರು, ಇನ್ನೊಂದರ ಮೇಲೆ ಇಡ್ಲಿ ಪಾತ್ರೆ ಕವುಚಿದ್ದಾಯಿತು. ಮೂರು ಪಾತ್ರೆಗಳಿಂದಲೂ ಬೇರೆ ಬೇರೆ ಸ್ವರದಲ್ಲಿ ಟಿಣ್ ಎಂದಿತು, ಮೂರೂ ಖಾಲಿ. ಇಂಟರ್ನೆಟ್ಟಿನಲ್ಲಿ ಕೇಳೋಣವೆಂದರೆ ರಸ್ತೆ ಅಗೆಯುವವರು ನಮ್ಮ ಬೀದಿಯ ಕೇಬಲ್ಲು ಕಿತ್ತು ಮೂರು ದಿನವಾಗಿತ್ತು, ಫೋನಿನಲ್ಲಿ ಕೇಳೋಣವೆಂದರೆ ಮೂರೂ ಪಾತ್ರೆಯಡಿಯಿದ್ದವು. ಪೆನ್‌ಡ್ರೈವು ಹಿಂದಿನ ಭಾನುವಾರ ನನ್ನ ಅಂಗಿಯ ಜೊತೆ ಒಗೆಸಿಕೊಂಡು, ಒಣಗಿ, ಮೋಕ್ಷ ಕಂಡಿತ್ತು. ಕಪ್ಪು ಪರದೆ ತೆರೆದು ನನಗೆ ಗೊತ್ತಿದ್ದ ಆಜ್ಞೆಗಳನ್ನೆಲ್ಲ ಕುಟ್ಟಿದೆ. ಅದರ ಫಲವಾಗಿ ಪ್ರಿಂಟರು ಕೆಲಸ ನಿಲ್ಲಿಸಿತು.

"ಸ್ಪೀಕರಿನ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡ್ಕೊಂಡ್ರೆ ಆಗಲ್ವೇನ್ರೀ" ಎಂದಳು ಸುನಂದ.

ಆಗುತ್ತಿತ್ತು. ಹತ್ತು ವರ್ಷದಿಂದ ಲಿನಕ್ಸಿನ ಗುಣಗಾನ ಮಾಡಿದವನು ಕೊನೆಗೆ ಸ್ಪೀಕರಿನ ಮುಂದೆ ಫೋನು ಹಿಡಿದು ಕೂರುವುದೆಂದರೇನು. "ಅದು ಗೊತ್ತಿಲ್ಲದವರು ಮಾಡೋ ಕೆಲಸ" ಎಂದುಬಿಟ್ಟೆ. ಗೊತ್ತಿದ್ದವನು ಹನ್ನೊಂದು ಗಂಟೆಯವರೆಗೆ ಅದೇ ಖಾಲಿ ಪರದೆ ನೋಡುತ್ತ ಕೂತ. ನೀರು ತರುವುದು ಎರಡು ಗಂಟೆಗೆ. ಕೊನೆಗೆ ದೊಡ್ಡಮ್ಮನೇ ಎದ್ದು ನನ್ನ ಕಿವಿ ಹಿಡಿದೆಳೆದು ತನ್ನ ಬಾಯಿಯ ಹತ್ತಿರ ತಂದುಕೊಂಡಳು. "ಪದ ಆಚೆಗೆ ಬರಕಿಲ್ಲ ಅಂದ್ರೆ ಬುಡು. ಡಬ್ಬನೇ ಒತ್ಕೊಂಡು ಓಗವ" ಎಂದಳು.

ಹೀಗೆ ನನ್ನ ಕಂಪ್ಯೂಟರು ಗೂಡ್ಸ್ ಆಟೋದಲ್ಲಿ ಮದುವೆಗೆ ಹೊರಟಿತು. ಮಾನಿಟರನ್ನು ಸುನಂದ ತೊಡೆಯ ಮೇಲಿಟ್ಟುಕೊಂಡಳು, ನಾನು ಕರೆಂಟು ಹೋದಾಗ ಕೈಹಿಡಿಯುವ ಯುಪಿಎಸ್ ಪೆಟ್ಟಿಗೆಯನ್ನು ತಬ್ಬಿಕೊಂಡೆ. ಅಲ್ಲಿಯೂ ಪ್ರಯತ್ನ ಬಿಡಬಾರದೆಂದು ವೈರು ತೆಗೆದುಕೊಂಡೆ. ವೈರು ಬಂದಮೇಲೆ ಬೋಗುಣಿಯೂ ಬರಬೇಕಲ್ಲ, ಅದೂ ಬಂತು. ದಾರಿಯಲ್ಲಿ ಸಿಕ್ಕವರೊಬ್ಬರು ಹೆಣ್ಣಿಗೆ ಬಳುವಳಿಯೇ ಎಂದು ಕೇಳಿದರು.

ಬೆಸಗರಹಳ್ಳಿಯ ಚಪ್ಪರದಲ್ಲಿ ಅರಿಸಿನ ಕುಟ್ಟುವ ಒರಳಿನ ಪಕ್ಕ ಕಂಪ್ಯೂಟರು ಜೋಡಿಸಿದೆ. ತಕ್ಷಣ ಹೆಂಗಸರಲ್ಲಿ ತಕರಾರು ಎದ್ದಿತು. ಪದ ಹೇಳುವವಳಿಗೆ ಬಾಯಿ ತೆರೆಯುವ ಮೊದಲು ಅರಿಸಿನ ಕುಂಕುಮ, ತಾಂಬೂಲ, ರವಿಕೆ ಕಣ ಕೊಡಬೇಕು. ಈಗ ಯಾರಿಗೆ ಕೊಡಬೇಕು, ದೊಡ್ಡಮ್ಮನಿಗೋ ಡಬ್ಬಕ್ಕೋ. ದೊಡ್ಡಮ್ಮನನ್ನು ಬಿಟ್ಟರೆ ಎಲ್ಲರಿಗಿಂತ ಹಿರಿಯಳಾದ ಚಿಕ್ಕತಾಯಕ್ಕ ಇಬ್ಬರಿಗೂ ಕೊಡಿ ಎಂದು ತೀರ್ಪು ಕೊಟ್ಟಳು. ಮಾನಿಟರಿಗೆ ಕುಂಕುಮ ಇಟ್ಟರು. ಕಂಪ್ಯೂಟರಿನ ಪೆಟ್ಟಿಗೆಗೆ ರವಿಕೆ ಕಣ ಹೊದಿಸಿದರು. ಗಾಳಿಕಂಡಿ ಮುಚ್ಚುತ್ತದೆ, ಬಿಸಿಯಾಗುತ್ತದೆ ಎಂದು ನಾನು ಬಡಕೊಂಡೆ.

"ನೀವ್ ಸುಮ್ಕಿರಿ ಮೇಷ್ಟ್ರೇ. ಪದ ಏಳೋರ್ಗೆ ಮರ್ಯಾದೆ ಮಾಡ್ದೆ ಬುಡಕ್ಕಾಯ್ತದಾ" ಎಂದಳು ಚಿಕ್ಕತಾಯಕ್ಕ.

ನಾನು ಮೊದಲ ಪದ ಒತ್ತಿದೆ. ಸ್ಪೀಕರಿನಿಂದ ದೊಡ್ಡಮ್ಮನ ಹಳೆಯ ದನಿ, ತುಂಬಿದ ದನಿ, ಚಪ್ಪರದ ತುಂಬ ಹರಡಿತು. ಒನಕೆ ಹಿಡಿದವರು ಒಂದು ಗಳಿಗೆ ಹಾಗೇ ನಿಂತರು. ದೊಡ್ಡಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ತುಟಿಗಳು ಪದದ ಜೊತೆಯಲ್ಲೇ ಆಡುತ್ತಿದ್ದವು, ದನಿ ಮಾತ್ರ ಬರುತ್ತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಒರಳಿನ ಅರಿಸಿನದ ಪುಡಿ ಎಂದು ಸುನಂದಳಿಗೆ ಹೇಳಿದೆ.

ಮುಂದಿನದು ನೀರು ತರುವ ಶಾಸ್ತ್ರ. ಬಾವಿ ಇದ್ದದ್ದು ಊರಾಚೆಯ ಗದ್ದೆಯ ಹತ್ತಿರ. ಕಂಪ್ಯೂಟರಿಗೆ ಕಾಲಿಲ್ಲವಾದ್ದರಿಂದ ಅದನ್ನು ಮತ್ತೆ ಆಟೋ ಹತ್ತಿಸಿ ಯುಪಿಎಸ್ಸಿಗೆ ಸಿಕ್ಕಿಸಿದ್ದಾಯಿತು. "ಲಿನಕ್ಸ್ ಕರೆಂಟು ಕಮ್ಮಿ ತಿನ್ನತ್ತೆ, ಆರಾಮಾಗಿ ಚಪ್ಪರ ಮುಟ್ತೀವಿ" ಎಂದು ಧೈರ್ಯ ಹೇಳಿದೆ. ಕಡೆಯ ಆಸೆಯೆಂದು ದೊಡ್ಡಮ್ಮನ ಫೋನನ್ನೂ ಚುಚ್ಚಿದೆ. ಸುನಂದ ಬೋಗುಣಿ ಕವುಚಿದಳು. ಟಿಣ್. ಐವರು ಮುತ್ತೈದೆಯರು ಕೊಡ ತುಂಬಿ ತಲೆಯ ಮೇಲಿಟ್ಟುಕೊಂಡರು, ಪದ ಶುರುವಾಯಿತು, ಮೆರವಣಿಗೆ ಹೊರಟಿತು. ಮುಂದೆ ಆಟೋ, ಆಟೋದಲ್ಲಿ ಕುಂಕುಮವಿಟ್ಟ ಮಾನಿಟರು, ಹಿಂದೆ ಕೊಡ ಹೊತ್ತವರು, ಅವರ ಹಿಂದೆ ಸೊಲ್ಲು ಕೂಡಿಸುವವರು.

ಅರ್ಧ ದಾರಿಯಲ್ಲಿ ಯುಪಿಎಸ್ಸು ಕುಯ್ ಕುಯ್ ಎನ್ನತೊಡಗಿತು. ಸೊಲ್ಲು ಕೂಡಿಸುವವರು ಅದೂ ತಾಳವೇ ಇರಬೇಕೆಂದು ಅದಕ್ಕೂ ಹೊಂದಿಸಿಕೊಂಡು ಹೇಳತೊಡಗಿದರು. ಅದರ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಇನ್ನು ಎರಡು ಮೂರು ನಿಮಿಷದಲ್ಲಿ ಕಂಪ್ಯೂಟರು ಕಣ್ಣು ಮುಚ್ಚುತ್ತದೆ, ದೊಡ್ಡಮ್ಮನ ದನಿ ಎರಡನೇ ಸಲ ಹೋಗುತ್ತದೆ, ಐದು ಜನ ಹೆಂಗಸರು ನೀರು ಹೊತ್ತು ಬಿಸಿಲಲ್ಲಿ ಕಲ್ಲಾಗಿ ನಿಲ್ಲುತ್ತಾರೆ. ಆಟೋ ಜೋರಾಗಿ ಓಡಿಸಿದರೆ ಕೊಡ ಹೊತ್ತವರು ಓಡಬೇಕು. "ದೊಡ್ಡಮ್ಮ, ಇನ್ನು ಪದ ನಿಂತೋಯ್ತದೆ" ಎಂದೆ.

ನನ್ನ ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ ನನ್ನ ಮುಖವನ್ನು ಒಮ್ಮೆ ನೋಡಿದಳು. ಕೈ ಚಾಚಿ ಬೋಗುಣಿಯನ್ನು ಎತ್ತಿ ಆಚೆಗಿಟ್ಟಳು. "ಅಯ್ಯೋ, ಮುಟ್ಬೇಡಿ ಅತ್ತೆ" ಎಂದು ಸುನಂದ ಕಿರುಚಿದಳು. ದೊಡ್ಡಮ್ಮ ಫೋನನ್ನು ಅಂಗಾತ ಮಾಡಿ ನನ್ನ ಮೂಗಿಗೆ ಹಿಡಿದಳು. ಅದರ ಮೇಲೆ ಅಚ್ಚ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದಿತ್ತು: ಈ ಕಂಪ್ಯೂಟರನ್ನು ಒಳಗೆ ಬಿಡಲು ಅನುಮತಿಸುವುದೇ? ಕೆಳಗೆ ಎರಡು ಗುಂಡಿಗಳು, ಹೂಂ ಎನ್ನಲು ಒಂದು, ಬೇಡ ಎನ್ನಲು ಒಂದು.

"ಟಿಣ್ ಅಂದಾಗೆಲ್ಲ ಬಡ್ಕೊಂಡೆ, ಒಳಗಿಂದ ಅದು ಏನೋ ಕೇಳ್ತಾ ಅದೆ ಕಣ್ಲಾ ಅಂತ. ನನ್ ಮಾತು ಯಾರಿಗ್ಲಾ ಕೇಳಿಸ್ತು" ಎಂದು ಪಿಸುಗುಟ್ಟಿದಳು.

ಬೆಳಗಿನಿಂದ ಬೋಗುಣಿಯ ಕತ್ತಲಲ್ಲಿ ಆ ಫೋನು ಬೋರಲು ಬಿದ್ದುಕೊಂಡು ಮೇಜನ್ನು ಅನುಮತಿ ಕೇಳುತ್ತಿತ್ತು. ನಾನು ಹೂಂ ಎಂದು ಒತ್ತಿದೆ. ಕಂಪ್ಯೂಟರಿನಲ್ಲಿ ಫೋನಿನ ಬಾಗಿಲು ತೆರೆಯಿತು. ಮೂವತ್ತೊಂದು ಪದಗಳನ್ನು ಒಟ್ಟಿಗೆ ಬಾಚಿ ಅದರೊಳಗೆ ಹಾಕಿದೆ. ಯುಪಿಎಸ್ಸಿನ ಕುಯ್ ಕುಯ್ ಒಂದೇ ಉದ್ದನೆಯ ಕುಯ್ ಆಯಿತು. ಕೊನೆಯ ಪದ ದಾಟಿ, ನಾನು ವೈರು ಕಿತ್ತು, ಉಸಿರು ಬಿಡುವಷ್ಟರಲ್ಲಿ ಪರದೆ ಕಪ್ಪಾಯಿತು. ಪದ ನಿಂತಿತು. ಹೆಂಗಸರೂ ನಿಂತರು. ಮುಂದಿದ್ದವಳ ಒಂದು ಕಾಲು ಇನ್ನೂ ಗಾಳಿಯಲ್ಲಿತ್ತು. ಎಲ್ಲರೂ ನನ್ನನ್ನು ನೋಡಿದರು. ಫೋನಿನಲ್ಲಿ ಪದ ಹುಡುಕಿ ಒತ್ತಿದೆ. ದನಿ ಮತ್ತೆ ಎದ್ದಿತು. ಆದರೂ ಯಾರೂ ಕದಲಲಿಲ್ಲ, ಪದ ಕಡಿದ ಹಾಗೋ ಅಲ್ಲವೋ ಎಂಬುದು ತೀರ್ಮಾನವಾಗಬೇಕಿತ್ತು. ಚಿಕ್ಕತಾಯಕ್ಕ ಸ್ವಲ್ಪ ಯೋಚಿಸಿದಳು.

"ಪುಟ್ತಾಯಕ್ಕ ಉಸ್ರು ತಕೊಂಡ್ಲು, ಅಷ್ಟೇಯ. ನಡೀರವ್ವ" ಎಂದಳು.

ಗಾಳಿಯಲ್ಲಿದ್ದ ಕಾಲು ನೆಲಕ್ಕೆ ಬಂತು. ದೊಡ್ಡಮ್ಮ ಆಟೋ ಇಳಿದು, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡಗಳ ಮುಂದೆ ನಿಂತು ನಡೆದಳು. ಯಾವಾಗಲೂ ನಡೆಯುತ್ತಿದ್ದ ಹಾಗೆಯೇ ನಡೆದಳು. ಚಪ್ಪರ ಮುಟ್ಟುವವರೆಗೂ ಪದ ಕಡಿಯಲಿಲ್ಲ.

ಸಂಜೆ ಮನೆಗೆ ಬರುತ್ತ ಯೋಚಿಸಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಈ ಮನೆಗೆ ಫ್ರಿಜ್ಜು ಬಂದಾಗ, ಹಸು ಹೋದಾಗ, ನನ್ನ ಮೀಸೆ ತೆಗೆಸಿದಾಗ ಯಾರೂ ನನ್ನ ಅನುಮತಿ ಕೇಳಿರಲಿಲ್ಲ. ಒಂದೇ ಒಂದು ವಸ್ತು ಕೇಳಿದ್ದು, ಅದೂ ಬೆಳಗಿನಿಂದ ಬಿಡದೆ, ವಿನಯವಾಗಿ, ನನ್ನ ಭಾಷೆಯಲ್ಲೇ ಕೇಳಿದ್ದು. ಅದನ್ನು ನಾನೇ ಬೋರಲು ಹಾಕಿದ್ದೆ. ಈಗ ಭಾನುವಾರಗಳಲ್ಲಿ ಸುನಂದ ಸ್ನಾನಕ್ಕೆ ಹೋದಾಗ, ಕೆಲಸವೇನೂ ಇಲ್ಲದಿದ್ದರೂ ನನ್ನ ಫೋನನ್ನು ಕಂಪ್ಯೂಟರಿಗೆ ಚುಚ್ಚಿ ಅಂಗಾತ ಇಡುತ್ತೇನೆ. ಅನುಮತಿಸುವುದೇ ಎಂದು ಅದು ಕೇಳುತ್ತದೆ. ನಾನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಕೊಡಲೋ ಬೇಡವೋ ಎಂದು ನಿಧಾನವಾಗಿ ಯೋಚಿಸುತ್ತೇನೆ. ಇನ್ನೇನು ಹೂಂ ಎನ್ನಬೇಕು, ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆದ ಸದ್ದಾಗುತ್ತದೆ. ನಾನು ಫೋನನ್ನು ಬೋರಲು ಹಾಕಿ, ಬೋಗುಣಿ ಕವುಚಿ, ಪಕ್ಕದಲ್ಲಿ ಕೂರುತ್ತೇನೆ.